ಚಳಿ ದೇಶದ ಮನೆಗೆ ಬೀಗ ಹಾಕಿ ಊರಿಗೆ ಬರುವವರೇ, ನೀರು ಬಂದ್ ಮಾಡಿ ಬನ್ನಿ

ಅಮೆರಿಕ, ಕೆನಡಾ ಕಡೆ ಇದ್ದು ಡಿಸೆಂಬರ್, ಜನವರಿಯಲ್ಲಿ ರಜೆಗೆ ಬರುವ ನಮ್ಮ ಉಡುಪಿ, ಮಂಗಳೂರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಕ್ಕಳು ಅಲ್ಲಿದ್ದರೆ ಅವರಿಗೂ ಕಳಿಸಿ.

2024ರ ಜನವರಿ 18, ಉಡುಪಿಯಲ್ಲಿ ಪುತ್ತಿಗೆ ಮಠದ ಪರ್ಯಾಯ. ಬೆಳಗಿನ ಜಾವ ಎರಡೂವರೆ. ಜೋಡುಕಟ್ಟೆ ಹತ್ತಿರ ಅಪ್ಪನ ಜೊತೆ ಮೆರವಣಿಗೆ ನೋಡಲು ನಿಂತಿದ್ದೆ. ಶಿಕಾಗೋದಲ್ಲಿರುವ ನಮ್ಮ ಮನೆಯ ಪಕ್ಕದವರ ಫೋನ್ ಬಂತು. ಅಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ ಮೂರು ಗಂಟೆ. ಚೆಂಡೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಆಮೇಲೆ ವಿಡಿಯೊ ಕಳಿಸಿದರು. ನಮ್ಮ ಗ್ಯಾರೇಜ್ ಬಾಗಿಲಿನ ಅಡಿಯಿಂದ ನೀರು ಹೊರಗೆ ಬರುತ್ತಿತ್ತು, ಬಂದಲ್ಲೇ ಮಂಜುಗಡ್ಡೆಯಾಗುತ್ತಿತ್ತು.

ಸ್ವಂತ ಮನೆಯಲ್ಲಿ ಅದು ನಮ್ಮ ಮೊದಲ ಚಳಿಗಾಲ. ಅದಕ್ಕೆ ಮೊದಲು ಅಪಾರ್ಟ್‌ಮೆಂಟಿನಲ್ಲಿದ್ದೆವು, ಹೀಟಿಂಗ್ ಎಲ್ಲ ಕಟ್ಟಡದವರೇ ನೋಡಿಕೊಳ್ಳುತ್ತಿದ್ದರು. ಹೊರಡುವಾಗ ನಾನು ಮಾಡಿದ್ದು ಊರಿನ ಅಭ್ಯಾಸ. ಇಲ್ಲಿ ನಾಲ್ಕು ದಿನ ಮನೆ ಬಿಡುವುದಾದರೆ ಅಮ್ಮ ಗ್ಯಾಸ್ ಬಂದ್ ಮಾಡುತ್ತಾರೆ, ಅಪ್ಪ ಮೇನ್ ಸ್ವಿಚ್ ತೆಗೆಯುತ್ತಾರೆ, ಮುಗಿಯಿತು. ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಪೈಪ್ ಒಡೆಯುವುದೆಂದರೆ ತೆಂಗಿನ ಮಡಲು ಬಿದ್ದು ಒಡೆಯಬೇಕು, ಒಡೆದರೂ ಟ್ಯಾಂಕ್ ಖಾಲಿಯಾದ ಮೇಲೆ ನೀರು ತಾನಾಗಿ ನಿಲ್ಲುತ್ತದೆ. ಅಲ್ಲಿ ನಮ್ಮ ಮನೆಗೆ ನೀರು ನಗರದ ಲೈನಿನಿಂದ ಒತ್ತಡದಲ್ಲಿ ನೇರ ಬರುತ್ತದೆ. ಯಾರಾದರೂ ವಾಲ್ವ್ ತಿರುಗಿಸುವವರೆಗೆ ಹರಿಯುತ್ತಲೇ ಇರುತ್ತದೆ.

ಗ್ಯಾಸ್ ಬಿಲ್ ಉಳಿಯಲಿ ಅಂತ, ಮನೆಯ ಬಿಸಿ ಎಷ್ಟಿರಬೇಕು ಅಂತ ನಿಯಂತ್ರಿಸುವ ಥರ್ಮೋಸ್ಟಾಟನ್ನು 45 ಫ್ಯಾರನ್‌ಹೀಟ್‌ಗೆ ಇಳಿಸಿದ್ದೆ, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್. ನೀರು ಗಟ್ಟಿಯಾಗುವುದು ಸೊನ್ನೆಯಲ್ಲಿ ತಾನೇ, 7 ಸಾಕು ಅಂದುಕೊಂಡೆ. ಆದರೆ ಥರ್ಮೋಸ್ಟಾಟ್ ಲೆಕ್ಕ ಇಡುವುದು ಅದು ಇರುವ ಗೋಡೆಯ ಹತ್ತಿರದ ಬಿಸಿಯನ್ನು ಮಾತ್ರ. ಬಾತ್‌ರೂಮಿನ ಪೈಪ್ ಹೋಗುವುದು ಹೀಟಿಂಗ್ ಇಲ್ಲದ ಗ್ಯಾರೇಜಿನ ಮಾಡಿನೊಳಗೆ. ಆ ವಾರ ಶಿಕಾಗೋದಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಿತ್ತು. ರಕ್ಷಣೆ ಇಲ್ಲದ ಪೈಪಿಗೆ ಹೊರಗೆ ಸುಮಾರು ಮೈನಸ್ 7 ಆದರೇ ಅಪಾಯ.

ಪ್ಲಂಬರ್ ಆಮೇಲೆ ಒಡೆದ ತುಂಡನ್ನು ಕೈಯಲ್ಲಿ ಹಿಡಿದು ವಿಡಿಯೊ ಕಾಲ್‌ನಲ್ಲಿ ವಿವರಿಸಿದರು. ನೀರು ಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಗಡ್ಡೆ ಬೆಳೆಯುತ್ತಾ ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ, ಆ ಒತ್ತಡಕ್ಕೆ ತಾಮ್ರವೂ ಸೀಳುತ್ತದೆ. ಅದಕ್ಕೇ ಮನೆಯಲ್ಲಿ ಇರುವವರು ಅಂಥ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಟ್ಟಿರಬೇಕಂತೆ. ಗಡ್ಡೆ ಇರುವವರೆಗೆ ಅದೇ ಬಿರಡೆ, ಒಡೆದದ್ದು ಗೊತ್ತೇ ಆಗುವುದಿಲ್ಲ. ಚಳಿ ಸ್ವಲ್ಪ ಕಡಿಮೆಯಾಗಿ ಅದು ಕರಗಿದ ದಿನ ನೀರು ನುಗ್ಗುತ್ತದೆ.

ಗ್ಯಾರೇಜಿನ ಮಾಡು ಕಾರಿನ ಮೇಲೆ ಬಿತ್ತು. ಹಾಲಿನ ಮರದ ನೆಲ ಉಬ್ಬಿತು. ಇನ್ಶೂರೆನ್ಸ್‌ನವರು ಕೇಳಿದ ಮೊದಲ ಪ್ರಶ್ನೆ, ಹೀಟಿಂಗ್ ಎಷ್ಟಕ್ಕೆ ಇಟ್ಟಿದ್ದಿರಿ ಅಂತ. ಮನೆ ಬೆಚ್ಚಗಿಟ್ಟಿರಬೇಕು, ಇಲ್ಲವೇ ನೀರು ನಿಲ್ಲಿಸಿ ಪೈಪ್ ಖಾಲಿ ಮಾಡಿರಬೇಕು ಅಂತ ಪಾಲಿಸಿಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಅರ್ಧದಷ್ಟು ಖರ್ಚು ನಮ್ಮ ತಲೆಗೇ ಬಂತು. ನಿಮ್ಮ ಪಾಲಿಸಿಯ ಆ ಪುಟ ಇವತ್ತೇ ತೆಗೆದು ನೋಡಿ.

ಹಾಗಾಗಿ ಹೀಟಿಂಗ್ ಯಾವ ಕಾರಣಕ್ಕೂ ಆರಿಸಬೇಡಿ, 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ, ಅಂದರೆ ಸುಮಾರು 13 ಡಿಗ್ರಿ. ಮೇನ್ ವಾಲ್ವ್ ಬಂದ್ ಮಾಡಿ, ಮೇಲಿನ ನಲ್ಲಿಗಳನ್ನೂ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನೂ ತೆರೆದು ಪೈಪ್ ಖಾಲಿ ಮಾಡಿ. ಬಿಸಿನೀರಿನ ರೇಡಿಯೇಟರ್ ಇರುವ ಮನೆಯಾದರೆ ಇದಕ್ಕೆ ಮೊದಲು ಪ್ಲಂಬರನ್ನು ಕೇಳಲೇಬೇಕು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಮನೆಯ ಬಿಸಿ ಒಳಗೆ ಹೋಗಲಿ. ತೋಟದ ಹೋಸ್ ಪೈಪ್ ಬಿಚ್ಚಿಡಿ. ಪೈಪ್ ಗಡ್ಡೆ ಕಟ್ಟಿದರೆ ಬೆಂಕಿ ಹಿಡಿಯಬೇಡಿ, ನಲ್ಲಿ ತೆರೆದಿಟ್ಟು ಆ ಕಡೆಯಿಂದ ಹೇರ್ ಡ್ರೈಯರ್‌ನಲ್ಲಿ ನಿಧಾನ ಕಾಯಿಸಬೇಕು. ನೀರು ನಿಂತಿದ್ದಲ್ಲಿ ಮಾತ್ರ ಕರೆಂಟಿನ ಸಾಮಾನು ಮುಟ್ಟಬೇಡಿ.

ನನಗೆ ಈಗಲೂ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಪಕ್ಕದವರ ಹತ್ತಿರ ಬೀಗದ ಕೈ ಇತ್ತು, ಐದು ನಿಮಿಷದಲ್ಲಿ ಅವರು ಒಳಗಿದ್ದರು. ಆದರೆ ವಾಲ್ವ್ ಎಲ್ಲಿದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಸರಿಯಾಗಿ ಗೊತ್ತಿಲ್ಲ. ಆ ಗದ್ದಲದಲ್ಲಿ ನಿಂತು ಫೋನಿನಲ್ಲೇ ಹುಡುಕಿಸಿದೆ. ನಲವತ್ತು ನಿಮಿಷ ಹೋಯಿತು. ಪಕ್ಕದಲ್ಲಿ ಅಪ್ಪ, "ನೀರು ನಿಂತಿತಾ ಮಗಾ, ನಿಂತಿತಾ?" ಅಂತ ಕೇಳುತ್ತಲೇ ಇದ್ದರು. ಕೊನೆಗೆ ಅದು ಸಿಕ್ಕಿದ್ದು ಬೇಸ್‌ಮೆಂಟಿನಲ್ಲಿ, ಹಳೇ ರಟ್ಟಿನ ಪೆಟ್ಟಿಗೆಗಳ ಹಿಂದೆ. ಈಗ ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದೇನೆ, ಫೋಟೊ ಪಕ್ಕದವರ ಫೋನಿನಲ್ಲೂ ಇದೆ, ಅಪ್ಪನ ಫೋನಿನಲ್ಲೂ ಇದೆ.