ಪರದೆಯ ಆಯಾಸಕ್ಕೆ ನಾನು ಬಳಸಿ ನೋಡಿದ ನಾಲ್ಕು ಪರಿಹಾರಗಳು

ಬಸವನಗುಡಿಯ ಪ್ರಕಾಶನವೊಂದರಲ್ಲಿ ಕರಡು ತಿದ್ದುವ ನನ್ನ ಕೆಲಸವೆಲ್ಲ ಕಂಪ್ಯೂಟರಿನಲ್ಲೇ ನಡೆಯುವುದರಿಂದ, ನಲವತ್ತು ದಾಟಿದ ಮೇಲೆ ಸಂಜೆಯ ಹೊತ್ತಿಗೆ ಕಣ್ಣುರಿಯೂ ಹುಬ್ಬಿನ ಮೇಲೆ ಭಾರವಾದ ತಲೆನೋವೂ ಕಾಣಿಸಿಕೊಳ್ಳತೊಡಗಿದವು. ಇವೆರಡೂ ಜೊತೆಯಾಗಿ ಬಂದರೂ ಇವುಗಳ ಕಾರಣ ಒಂದೇ ಅಲ್ಲ. ಹತ್ತಿರದ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ ಕಣ್ಣೊಳಗೆ ಮಸೂರದ ಆಕಾರವನ್ನು ಬದಲಿಸುವ ಸಿಲಿಯರಿ ಸ್ನಾಯು ಬಿಗಿಯಾಗಿಯೇ ಇರಬೇಕು. ಮಸೂರ ಗಡುಸಾಗುವ ಈ ವಯಸ್ಸಿನಲ್ಲಿ ಆ ಶ್ರಮ ಹೆಚ್ಚಿ ಹಣೆ ನೋಯುತ್ತದೆ. ಉರಿಯ ಮೂಲ ಬೇರೆ: ನಿಮಿಷಕ್ಕೆ ಸುಮಾರು 15ರಿಂದ 20 ಸಲ ಮಿಟುಕುವ ರೆಪ್ಪೆ ಪರದೆಯ ಮುಂದೆ ಅದರ ಅರ್ಧಕ್ಕೂ ಇಳಿಯಬಹುದಾದ್ದರಿಂದ ಕಣ್ಣೀರಿನ ಪದರ ಆರಿಹೋಗುತ್ತದೆ. ಯಾವ ಪರಿಹಾರ ಯಾವ ಕಾರಣವನ್ನು ಮುಟ್ಟುತ್ತದೆ ಎಂಬುದೇ ಈ ಹೋಲಿಕೆಯ ಅಳತೆಗೋಲು. ತಲೆಯ ಒಂದು ಬದಿ ಮಿಡಿದು ವಾಕರಿಕೆ ಬರುವ ಮೈಗ್ರೇನ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಕಣ್ಣು ಕೆಂಪಾಗಿ, ತೀವ್ರ ನೋವು ಮತ್ತು ವಾಂತಿಯೊಡನೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಕಣ್ಣೊಳಗಿನ ಒತ್ತಡ ತಟ್ಟನೆ ಏರುವ ಬಗೆಯ ಗ್ಲಾಕೋಮಾ ಇರಬಹುದು. ಆಗ ತಡಮಾಡದೆ ಮಿಂಟೋದಂತಹ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಕನ್ನಡಕದ ಅಂಗಡಿಗಳಲ್ಲಿ ಮೊದಲು ಸಿಗುವ ಸಲಹೆ ಪರದೆಯ ನೀಲಿ ಬೆಳಕನ್ನು ತುಸು ತಡೆಯುವ ‘ಬ್ಲೂ ಕಟ್’ ಗಾಜು. ಅದನ್ನು ಹಾಕಿಕೊಂಡಾಗ ಪುಟ ತುಸು ಹಳದಿಯಾಗಿ ಕಂಡಿತೇ ಹೊರತು ಉರಿಯೂ ನೋವೂ ಮೊದಲಿನಂತೆಯೇ ಉಳಿದವು. 17 ಪ್ರಯೋಗಗಳನ್ನು ಪರಿಶೀಲಿಸಿದ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಸಾಮಾನ್ಯ ಗಾಜಿಗೆ ಹೋಲಿಸಿದರೆ ಇದರಿಂದ ಕಣ್ಣಿನ ಆಯಾಸ ಕಡಿಮೆಯಾಗಲಿಕ್ಕಿಲ್ಲ ಎಂದೇ ಹೇಳಿದೆ. ಇದಕ್ಕೆ ಹೆಚ್ಚಿನ ಹಣ ಕೊಡಬೇಡಿ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತೇನೆ.

20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡು ನೋಡುವ ಅಭ್ಯಾಸಕ್ಕೆ ಖರ್ಚಿಲ್ಲ. ಅಷ್ಟು ದೂರದಲ್ಲಿ ಸ್ನಾಯು ಬಹುತೇಕ ಸಡಿಲಗೊಳ್ಳುತ್ತದೆ. ಆದರೆ ವಾಕ್ಯದ ನಡುವೆ ಗಡಿಯಾರ ನೋಡುವುದು ಕಷ್ಟ. ಒಂದು ಅಧ್ಯಾಯ ಮುಗಿದಾಗ ಎದ್ದು ಕಿಟಕಿಯಾಚೆಯ ಮರಗಳನ್ನು ಕೆಲವು ನಿಮಿಷ ನೋಡುವುದೇ ನನಗೆ ಹೆಚ್ಚು ಹಿತವೆನಿಸಿತು.

ಕಣ್ಣೀರಿನಂತಹ ಹನಿಗಳು, ಅಂದರೆ ಶೇಕಡಾ 0.5ರ ಕಾರ್ಬಾಕ್ಸಿಮೀಥೈಲ್‌ಸೆಲ್ಯುಲೋಸ್ ಇರುವವು, ಉರಿಯನ್ನು ನಿಜವಾಗಿಯೂ ತಗ್ಗಿಸಿದವು. ಫೆಬ್ರವರಿ, ಮಾರ್ಚ್ ತಿಂಗಳ ಬೆಂಗಳೂರಿನ ಒಣಗಾಳಿಯಲ್ಲಿ, ಅದರಲ್ಲೂ ಎ.ಸಿ. ಗಾಳಿ ನೇರವಾಗಿ ಮುಖಕ್ಕೆ ಬಡಿಯುವ ಜಾಗದಲ್ಲಿ ಕೂರುವವರಿಗೆ, ಇವಕ್ಕಿಂತ ಬೇಗ ಹಿತ ಕೊಡುವುದನ್ನು ನಾನು ಕಂಡಿಲ್ಲ. ಹಣೆಯ ನೋವನ್ನು ಮಾತ್ರ ಅವು ಮುಟ್ಟಲಿಲ್ಲ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಬೇಕಾದರೆ ಸಂರಕ್ಷಕ (ಪ್ರಿಸರ್ವೇಟಿವ್) ಇಲ್ಲದ ಬಗೆಯನ್ನೇ ಕೊಳ್ಳುವುದು ಲೇಸು. ಕೆಂಪು ಇಳಿಸುವ ನ್ಯಾಫಜೋಲಿನ್ ಹನಿಗಳನ್ನು ಇವುಗಳ ಬದಲಿಗೆ ಬಳಸಬಾರದು. ಹೆಚ್ಚು ದಿನ ಹಾಕಿ ನಿಲ್ಲಿಸಿದಾಗ ಕೆಂಪು ಮರುಕಳಿಸಬಹುದು.

ತಲೆನೋವನ್ನು ನಿಲ್ಲಿಸಿದ್ದು ಪರದೆಯ ದೂರಕ್ಕೆಂದೇ ಮಾಡಿಸಿದ ಕನ್ನಡಕ. ಅದಕ್ಕೂ ಮುನ್ನ, ಮೇಲಿನಿಂದ ಕೆಳಕ್ಕೆ ದೂರ, ನಡು, ಹತ್ತಿರದ ನಂಬರುಗಳು ಒಂದರಲ್ಲೇ ಇರುವ ಪ್ರೋಗ್ರೆಸಿವ್ ಗಾಜನ್ನು ಬಳಸಿದ್ದೆ. ರಸ್ತೆಯಲ್ಲೂ ಮನೆಯಲ್ಲೂ ಅದು ಅನುಕೂಲವೇ. ಆದರೆ ಅದರಲ್ಲಿ ಪರದೆಯ ದೂರಕ್ಕೆ ಹೊಂದುವ ಭಾಗ ಕಿರಿದಾಗಿ, ಗಾಜಿನ ನಡುವಿನಿಂದ ಕೆಳಗಿರುವುದರಿಂದ, ಗದ್ದವನ್ನೆತ್ತಿ ಕುಳಿತು ಓದಬೇಕಾಗುತ್ತಿತ್ತು. ಕುತ್ತಿಗೆಯಿಂದ ಹಿಂದಲೆಗೆ ಏರುತ್ತಿದ್ದ ನೋವು ಅಲ್ಲಿಂದಲೇ ಬಂದದ್ದು. ಸಾಮಾನ್ಯ ಚಾಳೀಸು ಕೂಡ ಸಾಲದು, ಏಕೆಂದರೆ ಅದರ ನಂಬರು ಸುಮಾರು 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ ಹೊಂದಿರುತ್ತದೆ, ಪರದೆಯಾದರೋ 60 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಕಣ್ಣು ತೋರಿಸಲು ಹೋಗುವ ಮೊದಲು ಕುರ್ಚಿಯಲ್ಲಿ ಎಂದಿನಂತೆ ಕುಳಿತು, ಕಣ್ಣಿನಿಂದ ಪರದೆಗಿರುವ ದೂರವನ್ನು ಟೇಪಿನಲ್ಲಿ ಅಳೆಸಿ ಬರೆದುಕೊಳ್ಳಿ. ಪರೀಕ್ಷಿಸುವವರು ಸಾಮಾನ್ಯವಾಗಿ ದೂರದ ಫಲಕವನ್ನೂ ಕೈಯಲ್ಲಿ ಹಿಡಿಯುವ ಚೀಟಿಯನ್ನೂ ಓದಿಸುತ್ತಾರೆಯೇ ಹೊರತು, ನಾವಾಗಿ ಹೇಳದಿದ್ದರೆ ನಡುವಿನ ದೂರವನ್ನು ಕೇಳದೆಯೂ ಇರಬಹುದು.