ಥಿಂಕ್‌ಪ್ಯಾಡ್ ಟಿ480: ಹಲವು ವರ್ಷ ಬಳಸಿದ ಮೇಲೆ, ಅದರ ಅಭಿಮಾನಿಗಳನ್ನೂ ಸೇರಿಸಿ ಒಂದು ವಿಮರ್ಶೆ

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಅದರ ತಯಾರಿಕೆ ನಿಂತು ವರ್ಷಗಳಾಗಿದ್ದರೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಕಚೇರಿಗಳಿಂದ ಲೀಸ್ ಮುಗಿದು ಬಂದ ಲ್ಯಾಪ್‌ಟಾಪ್ ಮಾರುವ ಅಂಗಡಿಗಳಲ್ಲಿ, ಈ ಮಾದರಿಯನ್ನು ಹೆಸರು ಹೇಳಿಯೇ ಕೇಳುವ ಗ್ರಾಹಕರಿದ್ದಾರೆ. ಇದಕ್ಕೆ ಒಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಆದರೂ ಇರಬೇಕು. ಹಾಗಾಗಿ ಹಿಂದಿನ ಟಿ470 ಗೆರೆಯ ಆಚೆ ಉಳಿಯಿತು, ಟಿ480 ಒಳಗೆ ಬಂತು. ಇನ್ನೊಂದು ಕಾರಣ ಅದರ ಅಭಿಮಾನಿ ಬಳಗ. ಇವರ ಕುರಿತು ಹೇಳದೆ ಈ ಯಂತ್ರದ ವಿಮರ್ಶೆ ಪೂರ್ಣವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ಕೆಲಸ ದಿನವಿಡೀ ಕನ್ನಡ ಟೈಪ್ ಮಾಡುವುದು ಮತ್ತು ಕರಡು ತಿದ್ದುವುದು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದಾಗಲೆಲ್ಲ ಎಫ್ ಕೀಲಿ ಒತ್ತಬೇಕಾದ್ದರಿಂದ ಎಡಗೈಯ ತೋರುಬೆರಳಿಗೆ ಬಿಡುವೇ ಇರುವುದಿಲ್ಲ. ಅಲ್ಲಿಂದ ಒಂದು ಕೀಲಿಯಾಚೆ, ಜಿ, ಎಚ್ ಮತ್ತು ಬಿ ಕೀಲಿಗಳ ನಡುವೆ, ಮೌಸ್‌ನಂತೆ ಕರ್ಸರ್ ಸರಿಸುವ ಟ್ರ್ಯಾಕ್‌ಪಾಯಿಂಟ್ ಎಂಬ ಕೆಂಪು ಗುಬುಟು ಇದೆ. ಸಾಲಿನ ಮಧ್ಯದ ಒಂದು ತಪ್ಪು ಅಕ್ಷರದ ಮೇಲೆ ಕರ್ಸರ್ ಇಡಲು ಕೈ ಎತ್ತಬೇಕಾಗಿಲ್ಲ. ಬೆರಳನ್ನು ಗುಬುಟಿನ ಮೇಲೆ ಸ್ವಲ್ಪ ಒತ್ತಿ, ಸ್ಪೇಸ್‌ಬಾರ್‌ನ ಕೆಳಗಿರುವ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿದರೆ ಸಾಕು. ನೂರಾರು ಪುಟಗಳ ಕರಡನ್ನು ಹೀಗೆ ತಿದ್ದಿದವರಿಗೆ ಬೇರೆ ಲ್ಯಾಪ್‌ಟಾಪ್ ಒಗ್ಗುವುದು ಕಷ್ಟ. ಕೀಲಿಗಳು ಆಳವಾಗಿ ಇಳಿಯುತ್ತವೆ, ಒತ್ತಿದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಬ್ಯಾಟರಿಯ ವ್ಯವಸ್ಥೆಯೂ ಅಷ್ಟೇ ಉಪಯುಕ್ತ. ಒಳಗೆ 24 ವ್ಯಾಟ್-ಅವರ್‌ನ ಒಂದು ಬ್ಯಾಟರಿ, ಹಿಂಬದಿಯಲ್ಲಿ ಕಳಚಬಹುದಾದ ಇನ್ನೊಂದು. ಹೊರಗಿನದ್ದು 72 ವ್ಯಾಟ್-ಅವರ್‌ವರೆಗೆ ಸಿಗುತ್ತಿತ್ತು. ಕರೆಂಟ್ ಇಲ್ಲದ ಮಧ್ಯಾಹ್ನ ಹೊರಗಿನ ಬ್ಯಾಟರಿ ಖಾಲಿಯಾದರೆ, ಲ್ಯಾಪ್‌ಟಾಪ್ ಆರಿಸದೆಯೇ ಅದನ್ನು ತೆಗೆದು ಚಾರ್ಜ್ ಆಗಿರುವ ಮತ್ತೊಂದನ್ನು ಹಾಕಬಹುದು. ಮರುವರ್ಷ ಬಂದ ಟಿ490ರಲ್ಲಿ ಈ ಸೌಲಭ್ಯ ಹೋಯಿತು, ಎರಡು ರ‍್ಯಾಮ್ ಸ್ಲಾಟ್‌ಗಳಲ್ಲಿ ಒಂದೇ ಉಳಿಯಿತು. ಟಿ480ಕ್ಕೆ ಇಷ್ಟು ಪ್ರೀತಿ ಸಿಗಲು ಅದರ ನಂತರ ಬಂದದ್ದೇನು ಎಂಬುದೂ ಕಾರಣ.

ಪರದೆ ಮಾತ್ರ ದುರ್ಬಲ. ಸಾಮಾನ್ಯವಾಗಿ ಸಿಗುವ ಫುಲ್ ಎಚ್‌ಡಿ ಪರದೆಯ ಹೊಳಪು 250 ನಿಟ್ಸ್‌ನಷ್ಟೇ, ಬಣ್ಣಗಳೂ ಮಂಕು. ಫೋಟೊ, ವಿಡಿಯೊ ಕೆಲಸದವರಿಗೆ ಇದು ಸಾಲದು.

ಈಗ ಅಭಿಮಾನಿಗಳ ವಿಷಯ. ಥಿಂಕ್‌ಪ್ಯಾಡ್ 1992ರಲ್ಲಿ ಐಬಿಎಂನಿಂದ ಬಂದದ್ದು. ಅದರ ಕಪ್ಪು ಪೆಟ್ಟಿಗೆಯ ರೂಪ ವಿನ್ಯಾಸಕಾರ ರಿಚರ್ಡ್ ಸಾಪರ್ ಅವರದು. 2005ರಲ್ಲಿ ಐಬಿಎಂನ ಪಿಸಿ ವಿಭಾಗವನ್ನು ಲೆನೊವೊ ಕೊಂಡಾಗಿನಿಂದಲೂ ಈ ಬಳಗ ಪ್ರತಿ ಹೊಸ ಮಾದರಿಯನ್ನು ಅನುಮಾನದಿಂದಲೇ ಬರಮಾಡಿಕೊಂಡಿದೆ. ಆ ಅನುಮಾನದಿಂದ ನನಗೆ ನೇರ ಲಾಭವಾಗಿದೆ. 2013ರ ಪೀಳಿಗೆಯಲ್ಲಿ ಕಂಪನಿಯು ಟ್ರ್ಯಾಕ್‌ಪಾಯಿಂಟ್‌ನ ಪ್ರತ್ಯೇಕ ಗುಂಡಿಗಳನ್ನು ತೆಗೆದು, ಇಡೀ ಟಚ್‌ಪ್ಯಾಡನ್ನೇ ಅದುಮುವ ವ್ಯವಸ್ಥೆ ಮಾಡಿತು. ಬಳಕೆದಾರರು ಕೆರಳಿದರು, ಎಷ್ಟೋ ಮಂದಿ ಹಳೆಯ ಮಾದರಿಯನ್ನು ಬಿಡಲೇ ಇಲ್ಲ. 2015ರ ಟಿ450 ಮತ್ತು ಎಕ್ಸ್250 ಮಾದರಿಗಳಲ್ಲಿ ಗುಂಡಿಗಳು ಮರಳಿ ಬಂದವು. ನಾನು ದಿನವೂ ಹೆಬ್ಬೆರಳಿಡುವ ಆ ಗುಂಡಿ ಈ ಟಿ480ರಲ್ಲಿ ಉಳಿದಿರುವುದರಲ್ಲಿ ಆ ಜಗಳಕ್ಕೂ ಪಾಲಿದೆ. 2012ರಲ್ಲಿ ಕೈಬಿಟ್ಟಿದ್ದ ಏಳು ಸಾಲಿನ ಕೀಬೋರ್ಡ್‌ಗಾಗಿಯೂ ಇದೇ ಜನ ವರ್ಷಗಟ್ಟಲೆ ಒತ್ತಾಯಿಸಿದರು. ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಡೇವಿಡ್ ಹಿಲ್ 2015ರಲ್ಲಿ ಆ ಕಲ್ಪನೆಯನ್ನು ಅವರ ಮುಂದಿಟ್ಟು ಅಭಿಪ್ರಾಯ ಕೇಳಿದರು. 2017ರಲ್ಲಿ ಇಪ್ಪತ್ತೈದನೇ ವರ್ಷದ ವಿಶೇಷ ಮಾದರಿ ಅದೇ ಕೀಬೋರ್ಡ್ ಹೊತ್ತು ಬಂತು. ಅಮೆರಿಕದಲ್ಲಿ ಅದರ ಬೆಲೆ 1,899 ಡಾಲರ್ ಇತ್ತು, ಸೀಮಿತ ಸಂಖ್ಯೆಯಲ್ಲಷ್ಟೇ ಬಂತು. ನನ್ನಂಥವರ ಕೈಗೆಟುಕುವಂಥದ್ದಲ್ಲ. ಗುಂಡಿಗಳನ್ನು ಮರಳಿ ತಂದದ್ದೇ ದೊಡ್ಡ ಗೆಲುವೆಂದು ನಾನು ಎಣಿಸುತ್ತೇನೆ, ಏಕೆಂದರೆ ಅದು ಎಲ್ಲರ ಪಾಲಿಗೂ ಬಂತು.

ಈ ಬಳಗ ಕೊಟ್ಟ ಇನ್ನೊಂದು ವಸ್ತು ದುರಸ್ತಿಯ ತಿಳಿವಳಿಕೆ. ಲೆನೊವೊ ತನ್ನ ದುರಸ್ತಿ ಕೈಪಿಡಿಯನ್ನು ಎಲ್ಲರಿಗೂ ತೆರೆದಿಟ್ಟಿದೆ, ಅದು ಮೆಚ್ಚಬೇಕಾದ ಸಂಗತಿ. ಆದರೆ ಅದರ ಸೂಕ್ಷ್ಮಗಳನ್ನು ನನಗೆ ಕಲಿಸಿದವರು ಬಳಕೆದಾರರು. ತಳದ ಮುಚ್ಚಳ ತೆಗೆಯುವ ಮೊದಲು ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ, ಹೋಗಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ಸ್ಕ್ರೂಗಳನ್ನು ಸಡಿಲಿಸಿದರೂ ಅವು ಮುಚ್ಚಳದಲ್ಲೇ ಉಳಿಯುತ್ತವೆ, ಕಳೆದುಹೋಗುವ ಭಯವಿಲ್ಲ. ಅಂಚಿನ ಪ್ಲಾಸ್ಟಿಕ್ ಕೊಕ್ಕೆಗಳನ್ನು ಮಾತ್ರ ತಾಳ್ಮೆಯಿಂದ, ಒಂದೊಂದಾಗಿ ಬಿಡಿಸಬೇಕು. ಕೀಬೋರ್ಡ್ ಬದಲಿಸಲು ಮದರ್‌ಬೋರ್ಡ್ ಕಳಚಬೇಕಾಗಿಲ್ಲ, ಅದನ್ನು ಮೇಲಿನಿಂದಲೇ ತೆಗೆಯಬಹುದು. ಗುಬುಟಿನ ರಬ್ಬರ್ ಟೋಪಿಯ ಎತ್ತರ ಪೀಳಿಗೆಯಿಂದ ಪೀಳಿಗೆಗೆ ಬೇರೆಯಾದ್ದರಿಂದ ಹಳೆಯ ಮಾದರಿಯದನ್ನು ಹಾಕಿದರೆ ಮುಚ್ಚಿದಾಗ ಪರದೆಗೆ ತಾಗುವ ಅಪಾಯವಿದೆ ಎಂಬ ಎಚ್ಚರಿಕೆಯೂ ನನಗೆ ಇವರಿಂದಲೇ ದೊರೆತದ್ದು.

ಇಷ್ಟೆಲ್ಲ ಋಣವಿದ್ದರೂ ಅಭಿಮಾನದ ಒಂದು ಮುಖವನ್ನು ನಾನು ಒಪ್ಪಲಾರೆ. 2015ರಲ್ಲಿ ಲೆನೊವೊದ ಕೆಲವು ಗೃಹಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಸೇರಿತ್ತು, ಮತ್ತು ಅದು ಸುರಕ್ಷಿತ ಸಂಪರ್ಕದ ನಡುವೆಯೇ ನುಸುಳುತ್ತಿತ್ತು ಎಂಬುದು ಬಯಲಾಯಿತು. ಥಿಂಕ್‌ಪ್ಯಾಡ್‌ಗಳಲ್ಲಿ ಅದು ಇರಲಿಲ್ಲ ಎಂಬುದು ನಿಜ. ಆದರೆ ಆ ಒಂದು ಮಾತು ಹೇಳಿ ಚರ್ಚೆಯನ್ನೇ ಮುಗಿಸಿಬಿಡುವುದು ಸರಿಯಲ್ಲ. ಎರಡೂ ಸಾಲಿನ ಯಂತ್ರಗಳನ್ನು ಮಾರುವುದು ಒಂದೇ ಕಂಪನಿ. ಗುಂಡಿಗಾಗಿ ಅಷ್ಟು ಗಟ್ಟಿಯಾಗಿ ಜಗಳವಾಡಬಲ್ಲವರು ಬೇರೆಯವರ ಖಾಸಗಿತನಕ್ಕಾಗಿಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಹಾಗೆಯೇ, ಹೊಸಬರು ಸಲಹೆ ಕೇಳಿದಾಗಲೆಲ್ಲ ಅವರ ಅಗತ್ಯ ವಿಚಾರಿಸದೆ ಟಿ480 ಎಂದುಬಿಡುವುದೂ ಅನ್ಯಾಯ. ಹಗುರವಾದ ಯಂತ್ರ, ಒಳ್ಳೆಯ ಪರದೆ ಬೇಕಾದವರಿಗೆ ಇದು ತಕ್ಕುದಲ್ಲ.

ಟೈಪಿಂಗ್, ಕಚೇರಿ ಕೆಲಸ, ಲಿನಕ್ಸ್ ಕಲಿಕೆ ಇವುಗಳಿಗೆ ನಾನು ಇದನ್ನು ಈಗಲೂ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಪ್ರೊಸೆಸರ್ ಎಂಟನೇ ಪೀಳಿಗೆಯದೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಏಳನೆಯದನ್ನು ಹೊಂದಿದ ಟಿ480ಗಳೂ ಇವೆ. ಥಂಡರ್‌ಬೋಲ್ಟ್ ಎಂಬ ವೇಗದ ಯುಎಸ್‌ಬಿ-ಸಿ ಪೋರ್ಟ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹಳೆಯದಾಗಿದ್ದರೆ ಆ ಪೋರ್ಟ್ ಕೈಕೊಡಬಹುದು, ಅದಕ್ಕೆ ಲೆನೊವೊ ಅಪ್‌ಡೇಟ್ ಕೊಟ್ಟಿದೆ. ಯಂತ್ರ ಮನೆಗೆ ಬಂದ ದಿನವೇ ಅದನ್ನು ಹಾಕಿ. ಹೊಸದನ್ನೇ ಕೊಳ್ಳುವ ಶಕ್ತಿ ಇರುವವರು 2024ರ ಟಿ14 ಐದನೇ ಪೀಳಿಗೆಯನ್ನು ನೋಡಬಹುದು: ದುರಸ್ತಿ ಮಾರ್ಗದರ್ಶಿಗಳಿಗೆ ಹೆಸರಾದ ಐಫಿಕ್ಸಿಟ್ ಸಂಸ್ಥೆಯ ಜೊತೆಗೂಡಿ ರೂಪಿಸಿದ ಆ ಮಾದರಿಗೆ ದುರಸ್ತಿಯ ಸುಲಭತೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಸಿಕ್ಕಿದೆ, ಟ್ರ್ಯಾಕ್‌ಪಾಯಿಂಟ್‌ನ ಗುಂಡಿಗಳೂ ಅದರಲ್ಲಿವೆ.