ಯೋನೆಕ್ಸ್ ಬಿಜಿ65, 24 ಪೌಂಡ್: ವರ್ಷಗಳ ಬಳಕೆಯ ನಂತರ

ನನ್ನ ಬ್ಯಾಡ್ಮಿಂಟನ್ ರಾಕೆಟ್‌ಗಳಿಗೆ ವರ್ಷಗಳಿಂದ ಹಾಕಿಸುತ್ತಿರುವುದು ಯೋನೆಕ್ಸ್ ಕಂಪನಿಯ ಬಿಜಿ65 ಸ್ಟ್ರಿಂಗ್. ನಡುವೆ ಬಿಜಿ80, ಬಿಜಿ66 ಅಲ್ಟಿಮ್ಯಾಕ್ಸ್, ಏರೋಬೈಟ್ ಮೂರನ್ನೂ ಮನಸ್ಸಿಟ್ಟು ಆಡಿ ನೋಡಿದೆ. ಮತ್ತೆ ಇದಕ್ಕೇ ಮರಳಿದೆ. ವಾರದಲ್ಲಿ ಕೆಲವು ಸಂಜೆ ಡಬಲ್ಸ್ ಆಡುವವರಿಗೆ ಇದಕ್ಕಿಂತ ನಂಬಿಕೆಯ ಸ್ಟ್ರಿಂಗ್ ನನಗೆ ಸಿಕ್ಕಿಲ್ಲ. ಆದರೆ ಇದರ ಗುಣ ಪೂರ್ತಿಯಾಗಿ ಒದಗಬೇಕಾದರೆ ಬಿಗಿತ ಸರಿಯಾಗಿರಬೇಕು, ಕಡಿದುಹೋಗುವವರೆಗೆ ಕಾಯದೆ ಬದಲಾಯಿಸಲೂ ಬೇಕು.

ಮೊದಲು ದಪ್ಪದ ಮಾತು. ಬಿಜಿ65 0.70 ಮಿಲಿಮೀಟರ್, ಬಿಜಿ80 0.68, ಅಲ್ಟಿಮ್ಯಾಕ್ಸ್ 0.65. ಬೆರಳಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಸ್ಟ್ರಿಂಗನ್ನು ಅಡ್ಡ ಕತ್ತರಿಸಿದಾಗ ಕಾಣುವ ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿ: 0.70ಕ್ಕಿಂತ 0.65ರದು ಸುಮಾರು ಶೇ 14ರಷ್ಟು ಕಡಿಮೆ. ಎಳೆಯುವ ಬಲ ಮಾತ್ರ ಎರಡಕ್ಕೂ ಒಂದೇ. ಬಿಗಿತವನ್ನು ಹೇಳುವುದು ಪೌಂಡ್‌ನಲ್ಲಿ; 24 ಪೌಂಡ್ ಎಂದರೆ ಒಂದೊಂದು ಎಳೆಗೂ ಸುಮಾರು 11 ಕಿಲೋ ತೂಗುಹಾಕಿದಷ್ಟು. ತೆಳುವಾದ ಸ್ಟ್ರಿಂಗ್ ಷಟಲನ್ನು ಚುರುಕಾಗಿ ಚಿಮ್ಮಿಸುತ್ತದೆ, ಅದರ ಸದ್ದೂ ಕಿವಿಗೆ ಹಿತ. ಬೇಗ ಸವೆಯುವುದೂ ಅದೇ. ಏರೋಬೈಟ್‌ನಲ್ಲಿ ಉದ್ದದ ಎಳೆಗಳು 0.67, ಅಡ್ಡ ಎಳೆಗಳು 0.61 ಮಿಲಿಮೀಟರ್. ನೆಟ್ ಬಳಿಯ ಆಟಕ್ಕೆ, ಸ್ಲೈಸ್ ಮಾಡಿದ (ಷಟಲನ್ನು ಸವರಿದಂತೆ ಹೊಡೆದು ನೆಟ್ ಹತ್ತಿರ ಬೀಳಿಸುವ) ಡ್ರಾಪ್‌ಗೆ ಅದರ ಹಿಡಿತ ಬಹಳ ಸೊಗಸು. ಹಿಂದಿನ ಅಂಕಣದಿಂದ ಸ್ಮ್ಯಾಶ್ ಬಾರಿಸುತ್ತಲೇ ಇರುವ ನನ್ನ ಆಟಕ್ಕೆ 0.70 ಹೊಂದುತ್ತದೆ.

ಬಿಗಿತ ಹೆಚ್ಚಿದಷ್ಟೂ ಸ್ಮ್ಯಾಶ್ ಜೋರಾಗುತ್ತದೆ ಎಂಬ ನಂಬಿಕೆ ಆಟಗಾರರಲ್ಲಿ ಬಲವಾಗಿ ಬೇರೂರಿದೆ. ನಡೆಯುವುದು ಇದಕ್ಕೆ ವಿರುದ್ಧವಾಗಿ. ಸಡಿಲವಾದ ಸ್ಟ್ರಿಂಗ್ ಷಟಲ್ ತಾಗಿದಾಗ ಹೆಚ್ಚು ಒಳಕ್ಕೆ ಬಾಗಿ, ಟ್ರಾಂಪೊಲಿನ್‌ನಂತೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಸಮರ್ಪಕವಾಗಿ ಹೊಡೆತ ಬೀಳುವ ನಡುಭಾಗವೂ ಅಗಲವಾಗಿರುತ್ತದೆ. ಬಿಗಿ ಮಾಡಿದಷ್ಟೂ ಆ ಜಾಗ ಕಿರಿದಾಗುತ್ತದೆ. ಷಟಲ್ ಎಲ್ಲಿಗೆ ಹೋಗಬೇಕೆಂಬ ಹತೋಟಿ ಹೆಚ್ಚುತ್ತದೆ, ಆದರೆ ಅದನ್ನು ಅಷ್ಟು ದೂರ ಕಳುಹಿಸುವ ಶಕ್ತಿಯನ್ನು ತೋಳೇ ಕೊಡಬೇಕು. ಅಂತರರಾಷ್ಟ್ರೀಯ ಆಟಗಾರರು 30 ಪೌಂಡಿನ ಆಸುಪಾಸಿನಲ್ಲಿ ಆಡುತ್ತಾರೆಂದರೆ ಅವರ ಹೊಡೆತ ಪ್ರತಿ ಬಾರಿಯೂ ನಡುವಿಗೇ ಬೀಳುತ್ತದೆ ಎಂಬ ಕಾರಣಕ್ಕೆ. ನಡು ತಪ್ಪಿದರೆ ಅದರ ಅದುರು ನೇರ ಮೊಣಕೈಗೆ ಹೋಗುತ್ತದೆ. ನೋವಿದ್ದವರು ಎರಡು ಪೌಂಡ್ ಇಳಿಸಿ ನೋಡಲೇಬೇಕು. ಹೊಸಬರಿಗೆ 20ರಿಂದ 22, ನಿಯಮಿತವಾಗಿ ಆಡುವವರಿಗೆ 23ರಿಂದ 26 ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. 24ರಲ್ಲಿ ನನ್ನ ಕ್ಲಿಯರ್ (ಎದುರಾಳಿಯ ಅಂಕಣದ ಹಿಂಭಾಗಕ್ಕೆ ಎತ್ತರವಾಗಿ ಕಳುಹಿಸುವ ಹೊಡೆತ) ಆಟದ ಕೊನೆಯ ಗೇಮಿನಲ್ಲೂ ಹಿಂದಿನ ಗೆರೆ ಮುಟ್ಟುತ್ತದೆ. ಅದೇ 27ರಲ್ಲಿ ಆಯಾಸವಾದ ಕೂಡಲೇ ಅರ್ಧಕ್ಕೇ ಬೀಳುತ್ತಿತ್ತು.

ಬಿಜಿ65ರ ಬಾಳಿಕೆಯನ್ನು ಎಲ್ಲರೂ ಹೊಗಳುತ್ತಾರೆ. ಅದು ನಿಜ. ಆದರೆ ಆ ಬಾಳಿಕೆಯಿಂದಲೇ ಒಂದು ತೊಡಕು ಹುಟ್ಟುತ್ತದೆ. ನೈಲಾನ್ ಸ್ಟ್ರಿಂಗ್ ಯಾವುದೇ ಇರಲಿ, ಎಳೆದು ಕಟ್ಟಿದ ಗಳಿಗೆಯಿಂದ ಬಿಗಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ಮೊದಲ ಒಂದೆರಡು ದಿನ ಈ ಇಳಿತ ಹೆಚ್ಚು, ಆಮೇಲೆ ನಿಧಾನ. ರಾಕೆಟ್ ಚೀಲದಲ್ಲೇ ಕುಳಿತಿದ್ದರೂ ಇದು ತಪ್ಪದು. ತೆಳುವಾದ ಸ್ಟ್ರಿಂಗ್ ಅಷ್ಟರಲ್ಲಿ ಕಡಿದು, ಹೊಸದು ಬಂದಿರುತ್ತದೆ. ಬಿಜಿ65 ಕಡಿಯದೆ ಉಳಿದು, ಜೀವ ಕಳೆದುಕೊಂಡ ಮೇಲೂ ರಾಕೆಟ್‌ನಲ್ಲೇ ಇರುತ್ತದೆ. ಸದ್ದು ಮೊಂಡಾಗುವುದು, ಪ್ರತಿ ಪಾಯಿಂಟಿನ ನಂತರ ಎಳೆಗಳನ್ನು ಬೆರಳಿನಿಂದ ಸರಿಪಡಿಸಬೇಕಾಗುವುದು, ಅಡ್ಡ ಎಳೆ ಉದ್ದ ಎಳೆಯನ್ನು ದಾಟುವಲ್ಲಿ ಕಚ್ಚು ಬಿದ್ದಿರುವುದು – ಇಷ್ಟು ಕಂಡರೆ ನಾನು ಕಾಯುವುದಿಲ್ಲ, ಕತ್ತರಿಸಿ ಹೊಸದು ಹಾಕಿಸುತ್ತೇನೆ. ಕತ್ತರಿಸುವಾಗ ನಡುವಿನಿಂದ ಆರಂಭಿಸಿ ಹೊರಕ್ಕೆ ಹೋಗಬೇಕು. ಆಟದ ಮಧ್ಯೆ ಕಡಿದರೂ ಉಳಿದ ಎಳೆಗಳನ್ನು ಅಲ್ಲೇ ಕತ್ತರಿಸುವುದು ಒಳ್ಳೆಯದು, ಇಲ್ಲವಾದರೆ ಒಂದು ಬದಿಯ ಎಳೆತಕ್ಕೆ ಫ್ರೇಮ್ ಸೊಟ್ಟಗಾಗಬಹುದು.

ಗಟ್ಟಿಂಗ್, ಅಂದರೆ ರಾಕೆಟ್‌ಗೆ ಸ್ಟ್ರಿಂಗ್ ಹಾಕುವ ಕೆಲಸ, ಮಾಡುವವರ ಕೈಗುಣ ಸ್ಟ್ರಿಂಗ್‌ನ ಹೆಸರಿಗಿಂತ ದೊಡ್ಡದು. ಒಂದೇ ಸ್ಟ್ರಿಂಗ್, ಒಂದೇ ಪೌಂಡ್ ಹೇಳಿ ಎರಡು ಕಡೆ ಹಾಕಿಸಿದರೆ ಎರಡು ಬೇರೆ ರಾಕೆಟ್ ಹಿಡಿದಂತಾಗುತ್ತದೆ. ಒಬ್ಬರನ್ನೇ ನಂಬಿ ಅವರಲ್ಲೇ ಹಾಕಿಸಿದರೆ ಬಿಗಿತವನ್ನು ಒಂದೊಂದೇ ಪೌಂಡ್ ಹೊಂದಿಸಿಕೊಳ್ಳಲು ಸಾಧ್ಯ. ನಾನು ಉದ್ದ ಎಳೆಗೆ 24, ಅಡ್ಡ ಎಳೆಗೆ 25 ಎಂದು ಹೇಳುತ್ತೇನೆ. ಅಡ್ಡ ಎಳೆ ತುಸು ಬಿಗಿಯಾಗಿದ್ದರೆ ಫ್ರೇಮಿನ ಆಕಾರ ಉಳಿಯುತ್ತದೆ. ರಾಕೆಟ್ ಮೇಲೆ ಮುದ್ರಿಸಿರುವ ಗರಿಷ್ಠ ಮಿತಿಯನ್ನು ಮೊದಲೇ ಓದಿಕೊಂಡಿರಬೇಕು. ಒಡೆದ ಗ್ರಾಮೆಟ್‌ಗಳನ್ನೂ (ಫ್ರೇಮಿನ ರಂಧ್ರಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು) ಆಗಲೇ ಬದಲಾಯಿಸಿಕೊಳ್ಳಿ, ಅವುಗಳ ಅಂಚಿಗೆ ಎಂಥ ಗಟ್ಟಿ ಸ್ಟ್ರಿಂಗೂ ತುಂಡಾಗುತ್ತದೆ.

ನೈಲಾನ್ ಷಟಲ್‌ನಲ್ಲಿ ಆಡುವವರಿಗೂ ಬಿಜಿ65ನ್ನೇ ಹೇಳುತ್ತೇನೆ, 22 ಪೌಂಡಿಗೆ. ಸಿಂಗಲ್ಸ್‌ನಲ್ಲಿ ನೆಟ್ ಬಳಿಯ ಸೂಕ್ಷ್ಮ ಆಟವನ್ನೇ ನೆಚ್ಚಿಕೊಂಡವರಿಗೆ, ಹೊಡೆತದಲ್ಲಿ ಗಡುಸು ಅನುಭವ ಬಯಸುವವರಿಗೆ ಬಿಜಿ80 ಹೆಚ್ಚು ಹಿಡಿಸೀತು. ಅವರು ಅದನ್ನು 25ರಲ್ಲಿ ಹಾಕಿಸಿ, ಒಂದು ತಿಂಗಳು ಆಡಿದ ಮೇಲೆ ಏರಿಸುವುದೋ ಇಳಿಸುವುದೋ ನಿರ್ಧರಿಸಲಿ.